ಹಳೆಯ ನಕಾಶೆಯಲ್ಲಿ ವಿಶಾಲವಾಗಿ ಕಾಣೋದು ಬಳ್ಳಾರಿ ಅಲ್ಲ, ದಂಡು

ಬಳ್ಳಾರಿಯ ಹಳೆಯ ನಕಾಶೆ ಹಾಕಿ "ಆಗ ನಮ್ಮೂರು ಎಷ್ಟು ವಿಶಾಲವಾಗಿತ್ತು ನೋಡ್ರಿ" ಅಂತ ಬರೆಯುವವರು ಈಗ ಜಾಸ್ತಿ ಆಗಿದ್ದಾರೆ. ವಿಶಾಲವಾಗಿದ್ದದ್ದು ಊರಲ್ಲ ಸ್ವಾಮಿ, ಕಂಟೋನ್ಮೆಂಟು, ಅಂದರೆ ದಂಡು ಬೀಡುಬಿಟ್ಟ ಜಾಗ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಕಲೆಕ್ಟರ್ ಆಗಿ ಥಾಮಸ್ ಮನ್ರೋ ಬಂದ. ಕಂಪನಿಯ ದಂಡೂ ಇಲ್ಲಿ ಬೀಡುಬಿಟ್ಟಿತು. ದಂಡು ಅಂದ ಮೇಲೆ ಅದಕ್ಕೆ ಕಾಳುಕಡಿ ಮಾರುವವರು, ಬಟ್ಟೆ ಒಗೆಯುವವರು, ಕುದುರೆ ನೋಡಿಕೊಳ್ಳುವವರು ಎಲ್ಲಾ ಬೇಕಲ್ವಾ? ಆ ಜನರ ಬಜಾರೇ ಕೌಲ್ ಬಜಾರ್.

ಈಗ ನಕಾಶೆ ನೋಡಿ. ಒಂದು ಮೈಲಿಗೆ ಒಂದು ಇಂಚು ಲೆಕ್ಕದಲ್ಲಿ ಬರೆದ ಸರ್ವೆ ನಕಾಶೆಗಳಲ್ಲಿ ದಂಡಿನ ಬಂಗಲೆ, ಬ್ಯಾರಕ್ಕು, ಚರ್ಚು ಬಿಡಿಬಿಡಿಯಾಗಿ ಕಾಣುತ್ತವೆ. ಜನ ಕಿಕ್ಕಿರಿದಿದ್ದ ಪೇಟೆ ಮಾತ್ರ ಬಣ್ಣ ಬಳಿದ ಒಂದು ಮುದ್ದೆ. ಓಣಿ ಇಲ್ಲ, ಬಾವಿ ಇಲ್ಲ, ಹೆಸರಿಲ್ಲ. ಬರೆದವರಿಗೆ ಯಾವುದು ಬೇಕಿತ್ತೋ ಅದನ್ನು ಬರೆದರು, ಅಷ್ಟೇ.

ಹೊಸ ನಕಾಶೆಯ ಮೇಲೆ ಹಳೆಯದನ್ನು ಕೂಡಿಸುವವರಿಗೆ ಒಂದು ಮಾತು. ಅದರಲ್ಲಿ ಅಚ್ಚಾದ ರೇಖಾಂಶವನ್ನು ಸುಮ್ನೆ ನಂಬಬೇಡಿ. ಆ ನಕಾಶೆಗಳ ರೇಖಾಂಶವನ್ನು ಮದ್ರಾಸ್ ವೀಕ್ಷಣಾಲಯದಿಂದ ಲೆಕ್ಕ ಹಾಕುತ್ತಿದ್ದರು, ಆ ವೀಕ್ಷಣಾಲಯದ ರೇಖಾಂಶವನ್ನೇ ಹಿಂದೆ ತುಸು ಹೆಚ್ಚಾಗಿ ಹಿಡಿದಿದ್ದರು. 20ನೇ ಶತಮಾನದ ಆರಂಭದಲ್ಲಿ ಸುಮಾರು 2 ಮಿನಿಟು 27 ಸೆಕೆಂಡು (ಗಡಿಯಾರದ್ದಲ್ಲ, ಡಿಗ್ರಿಯ ಭಾಗಗಳು) ಕಳೆದು ಸರಿ ಮಾಡಿದರು. ಅದಕ್ಕೂ ಹಿಂದಿನ ನಕಾಶೆಯನ್ನು ಹಾಗೇ ಕೂಡಿಸಿದರೆ ನಮ್ಮೂರು 4 ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಹೋಗಿ ಕೂರುತ್ತದೆ! ಅದರ ಬದಲು ಕೋಟೆ ಗುಡ್ಡದ ತುದಿ, ಕುಂಬಾರ ಗುಡ್ಡದ ತುದಿ ಹಿಡಿದುಕೊಳ್ಳಿ. ನಮ್ಮ ಗುಡ್ಡಗಳು ಎಲ್ಲಿಗೂ ಓಡಿ ಹೋಗಿಲ್ಲ. ರೈಲು ಹಳಿಯೂ ಸಹಾಯಕ್ಕೆ ಬರುತ್ತದೆ, ನಕಾಶೆ ರೈಲು ಬಂದ ಮೇಲಿನದಾದರೆ.

ಸರಿಯಾಗಿ ಕೂತ ಮೇಲೆ ಜನ ಏನು ಬದಲಾಗಿದೆ ಅಂತ ಹುಡುಕುತ್ತಾರೆ. ನನ್ನ ಕಣ್ಣು ಹೋಗೋದು ಬದಲಾಗದ ಕಡೆಗೆ. ದಂಡು ಹೋಯಿತು, ಬಳ್ಳಾರಿ 1953ರಲ್ಲಿ ಮದ್ರಾಸು ಬಿಟ್ಟು ಮೈಸೂರು ರಾಜ್ಯ ಸೇರಿತು, ಊರಿನ ಜನಸಂಖ್ಯೆ 2011ಕ್ಕೇ 4 ಲಕ್ಷ ದಾಟಿತು. ಆದರೂ ಕಂಟೋನ್ಮೆಂಟ್ ಕಡೆ ಇವತ್ತಿಗೂ ದೊಡ್ಡ ಕಾಂಪೌಂಡು, ಮರ, ಅಗಲ ರಸ್ತೆ. ಮೊದಲು ವಿಮ್ಸ್ ಅನ್ನುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರೋದೂ ಆ ಕಡೆಗೇ. ಸೈನಿಕರಿಲ್ಲದ ಊರಲ್ಲಿ ಕಂಟೋನ್ಮೆಂಟ್ ಅಂತ ಒಂದು ರೈಲ್ವೆ ಸ್ಟೇಷನ್ನೂ ಇದೆ. ಗೇಟ್ ದಾಟಿ ಕೌಲ್ ಬಜಾರಿಗೆ ಬಂದರೆ ಎರಡು ಆಟೋ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಇದನ್ನೇ ನಾವು "ಪ್ಲಾನ್ ಇಲ್ಲದೆ ಬೆಳೆದ ಏರಿಯಾ" ಅಂತ ಬೈತೀವಿ. ಪ್ಲಾನ್ ಇತ್ತು ರೀ, ಬಜಾರಿನ ಜನರಿಗಾಗಿ ಇರಲಿಲ್ಲ. ಬ್ರೂಸ್ ಪೇಟೆ ಅಂತ ಬ್ರಿಟಿಷ್ ದೊರೆಯ ಹೆಸರು ಉಳಿಸಿಕೊಂಡ ನಾವು ದಂಡಿಗೆ ದುಡಿದ ಕೆಲಸಗಾರರ ಒಂದು ಹೆಸರೂ ಉಳಿಸಲಿಲ್ಲ.

ನಕಾಶೆಯ ಆ ಬಣ್ಣದ ಮುದ್ದೆಯೊಳಗೆ ಏನಿತ್ತು ಅಂತ ತಿಳಿಯೋಕೆ ಇನ್ನೊಂದು ನಕಾಶೆ ಹುಡುಕಿ ಪ್ರಯೋಜನವಿಲ್ಲ. ಹಳೆಯ ಕ್ರಯಪತ್ರ ಹುಡುಕಬೇಕು. ಅದರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ಹೇಳುವ ಸಾಲಿನಲ್ಲಿ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಬಾವಿ, ಉತ್ತರಕ್ಕೆ ಓಣಿ ಅಂತ ಬರೆದಿರುತ್ತಾರೆ. ಅಂಥ ಹತ್ತು ಪತ್ರ ಅಕ್ಕಪಕ್ಕ ಇಟ್ಟರೆ ಒಂದು ಓಣಿ ಬರೆಯಬಹುದು. ಕೌಲ್ ಬಜಾರ್, ಬ್ರೂಸ್ ಪೇಟೆ ಕಡೆಯವರು ಮನೆಯ ಟ್ರಂಕು ತೆಗೆದು ನೋಡಿ. ಪತ್ರ ಇಲ್ಲಿ ಹಾಕೋದು ಬೇಡ, ಚಕ್ಕುಬಂದಿಯ ಸಾಲು ಮಾತ್ರ ಬರೆದುಕೊಳ್ಳಿ.