ಬಾವನ ಕ್ವಿಝ್

ಬೆಳಿಗ್ಗೆ ಏಳು ಗಂಟೆ ಆಯಿತೆಂದರೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಾವನ ಕ್ವಿಝ್ ಶುರು. ನಾನು ಆಗ ಕಾವಲಿಯ ಮುಂದೆ. ನೀರುದೋಸೆ ಎರೆದು, ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು ಮೊಬೈಲ್ ಎತ್ತುವಷ್ಟರಲ್ಲಿ ದುಬೈಯಲ್ಲಿರುವ ಚಿಕ್ಕಮ್ಮನ ಮಗ ಉತ್ತರ ಹಾಕಿ ಆಗಿರ್ತದೆ. ಅಲ್ಲಿ ಆಗ ಐದೂವರೆ! ಆ ಹೊತ್ತಿಗೆ ಎದ್ದು ಗೂಗಲ್ ಮಾಡ್ತಾನಲ್ಲ, ಅವನಿಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ? ಗೂಗಲೇ, ಮತ್ತೇನು. ನಿದ್ದೆಗಣ್ಣಲ್ಲಿ "ಕ್ರಿ.ಶ." ಸಮೇತ ಯಾರು ಟೈಪ್ ಮಾಡ್ತಾರೆ?

ಅದೂ ಹೋಗಲಿ. ಮೊನ್ನೆಯ ಪ್ರಶ್ನೆ: ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಎಲ್ಲಿಂದ? ದಿನಾ ಮಂಗಳೂರಿನ ಬಲ್ಮಠದ ಮೇಲೆಯೇ, ಆ ಹಳೇ ಬಾಸೆಲ್ ಮಿಷನ್ ಇದ್ದ ಜಾಗ, ಬಸ್ಸಿನಲ್ಲಿ ಹೋಗುವವಳು ನಾನು. ಮಂಗಳೂರು ಅಂತ ಒತ್ತಿದೆ. ಬಾವನ ಉತ್ತರ ಬಳ್ಳಾರಿ. ನನಗೆ ಕೆಂಪು ಇಂಟು ಬೇರೆ. ಅಲ್ಲ ಬಾವ, 1843ರ ಜುಲೈ 1ಕ್ಕೆ ಆ ಮಿಷನ್ನಿನ ಜರ್ಮನ್ ಪಾದ್ರಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತಂದದ್ದು ಇಲ್ಲೇ, ಕಲ್ಲಚ್ಚಿನಲ್ಲಿ. ಬಳ್ಳಾರಿಗೆ ಹೋದದ್ದು ಮರುವರ್ಷ, 'ಕನ್ನಡ ಸಮಾಚಾರ' ಆಗಿ. ಮೊದಲಿನ ಹೆಸರಲ್ಲೇ ಊರು ಉಂಟಲ್ಲ!

ಇಷ್ಟುದ್ದ ಬರೆದು ಹಾಕಿದೆ. ಅತ್ತೆ ಅದರ ಕೆಳಗೆ ಗುಲಾಬಿ ಹೂವಿನ ಶುಭೋದಯ ಹಾಕಿದರು. ಬಾವ "ಕ್ವಿಝ್ ಮಾಸ್ಟರ್ ತೀರ್ಮಾನವೇ ಅಂತಿಮ" ಎಂದರು, ಜೊತೆಗೊಂದು ನಗುವ ಮುಖ. ವಾರದ ಅಂಕಪಟ್ಟಿಯಲ್ಲಿ ನಾನು ಕೊನೆಯಿಂದ ಎರಡನೆಯವಳು. ಕೊನೆಯಲ್ಲಿರುವುದು ಮೊಬೈಲೇ ಮುಟ್ಟದ ಅಜ್ಜ. ಈ ಗಲಾಟೆಯಲ್ಲಿ ದೋಸೆ ಕರಟಿಹೋಯಿತು.

ಗ್ರೂಪ್ ಮ್ಯೂಟ್ ಮಾಡಿದ್ದೇನೆ. ಆದರೂ 6.58ಕ್ಕೆ ಕೈ ತಾನಾಗಿ ಮೊಬೈಲ್ ಹತ್ತಿರ ಹೋಗ್ತದೆ.