ಕಡತ ಪಾಠ ಮಾಡುತ್ತಿದೆ, ಸದ್ದು ಮಾಡಬೇಡಿ

ಪಾಠ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ತರಗತಿಯ ಹೊಸ್ತಿಲು ದಾಟಬೇಕಾಗಿಲ್ಲ ಎಂಬ ಮಹಾ ಸಂಶೋಧನೆಯನ್ನು ನಮ್ಮ ಉನ್ನತ ಶಿಕ್ಷಣ ಕ್ಷೇತ್ರ ಎಂದೋ ಮಾಡಿ ಮುಗಿಸಿದೆ. ಅದಕ್ಕೆ ಇನ್ನೂ ಪೇಟೆಂಟ್ ಸಿಕ್ಕಿಲ್ಲ ಎನ್ನುವುದೊಂದೇ ಕೊರತೆ.

ಬೆಂಗಳೂರಿನಲ್ಲಿ ನ್ಯಾಕ್, ಅಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಹುಟ್ಟಿದ್ದು 1994ರಲ್ಲಿ. ಕಾಲೇಜು, ವಿಶ್ವವಿದ್ಯಾಲಯಗಳನ್ನು ಏಳು ಮಾನದಂಡಗಳಲ್ಲಿ ಅಳೆದು, ನಾಲ್ಕಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಅದಕ್ಕೆ ತಕ್ಕ ಶ್ರೇಣಿ ದಯಪಾಲಿಸುವುದು ಅದರ ಕೆಲಸ. 3.51 ಮುಟ್ಟಿದರೆ ಎ ಪ್ಲಸ್ ಪ್ಲಸ್. 2.76ರಿಂದ 3ರವರೆಗೆ ಬಿ ಪ್ಲಸ್ ಪ್ಲಸ್. ಈ ಎರಡನೆಯ ಶ್ರೇಣಿಯನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಫ್ಲೆಕ್ಸ್ ಮುದ್ರಿಸುವವರು ಸನ್ಮಾನ ಮಾಡಬೇಕು. ಬಸ್ ನಿಲ್ದಾಣದ ಎದುರಿನ ಬ್ಯಾನರುಗಳನ್ನು ಗಮನಿಸಿ ನೋಡಿ: ಎರಡು ಪ್ಲಸ್‌ಗಳು ಆಳೆತ್ತರಕ್ಕೆ ನಿಂತಿರುತ್ತವೆ, ‘ಬಿ’ ಮಾತ್ರ ಸಂಸ್ಥಾಪಕರ ಭಾವಚಿತ್ರದ ಮಗ್ಗುಲಲ್ಲಿ ಎಲ್ಲೋ ಸಂಕೋಚದಿಂದ ಕುಳಿತಿರುತ್ತದೆ.

2017ರಲ್ಲಿ ಪದ್ಧತಿ ಬದಲಾಯಿತು. ಅಂಕಗಳ ಸುಮಾರು ಶೇ 70 ಭಾಗ ಜಾಲತಾಣಕ್ಕೆ ಏರಿಸುವ ಅಂಕಿಅಂಶ, ದಾಖಲೆಗಳ ಪಾಲಾಯಿತು. ಉಳಿದ ಶೇ 30 ಬಂದು ನೋಡುವ ತಂಡಕ್ಕೆ. ಉದ್ದೇಶ ಒಳ್ಳೆಯದೇ. ಬಂದವರ ಮುಖ ನೋಡಿ ಮಣೆ ಹಾಕುವುದು ತಪ್ಪಲಿ ಎಂದು. ಆದರೆ ನಮ್ಮ ಕಡೆಯ ಕಾಲೇಜುಗಳಿಗೆ ಅದರಿಂದ ತಿಳಿದ ನೀತಿ ಬೇರೆ: ಮಾಡಿದ ಪಾಠಕ್ಕೆ ಅಂಕವಿಲ್ಲ, ಮಾಡಿದ್ದಕ್ಕೆ ಪುರಾವೆ ಇದ್ದರೆ ಅಂಕವಿದೆ. ಅಲ್ಲಿಂದ ಮುಂದಕ್ಕೆ ಒಂದೇ ಹೆಜ್ಜೆ. ಪುರಾವೆ ಇದ್ದರೆ ಸಾಕಲ್ಲವೆ?

ಕಲಬುರಗಿ ಜಿಲ್ಲೆಯ ಒಂದು ಕಾಲೇಜನ್ನು ತೆಗೆದುಕೊಳ್ಳಿ. ಹೆಸರು ಬೇಡ, ಹೆಸರು ಹೇಳಿದರೆ ತಮ್ಮನ್ನು ಬಿಟ್ಟರೆಂದು ಉಳಿದ ಕಾಲೇಜುಗಳು ಮುನಿಸಿಕೊಂಡಾವು. ಅಲ್ಲಿ ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟು. ಒಬ್ಬೊಬ್ಬರಿಗೆ ಒಂದೊಂದು ಮಾನದಂಡದ ಉಸ್ತುವಾರಿ. ವಿಷಯದ ಹೆಸರು ಮರೆತುಹೋಗಿ ಈಗ ಅವರು ಒಬ್ಬರನ್ನೊಬ್ಬರು ಸಂಖ್ಯೆಯಿಂದಲೇ ಗುರುತಿಸುತ್ತಾರೆ. “ಐದನೆಯ ಕ್ರೈಟೀರಿಯನ್ ಮೇಡಂ ರಜೆ ಹಾಕಿದ್ದಾರೆ” ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. “ಅರ್ಥಶಾಸ್ತ್ರದ ಮೇಡಂ” ಎಂದರೆ ಸ್ವಲ್ಪ ಹೊತ್ತು ಯೋಚಿಸಬೇಕು. ಇವರಲ್ಲಿ ಎರಡನೆಯ ಮಾನದಂಡದ ಸಂಚಾಲಕರು ವಿಶೇಷ ಗೌರವಕ್ಕೆ ಪಾತ್ರರು. ಎರಡನೆಯದೆಂದರೆ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ. ಬೋಧನೆಯ ದಾಖಲೆ ಮಾಡುವ ಹೊರೆಯಿಂದಾಗಿ ಆ ಮಹನೀಯರು ಒಂದು ಇಡೀ ಸೆಮಿಸ್ಟರ್ ಬೋಧಿಸಲಿಲ್ಲ. ಅವರ ಅವಧಿಗಳನ್ನು ಅತಿಥಿ ಉಪನ್ಯಾಸಕರೊಬ್ಬರು ತೆಗೆದುಕೊಂಡರು. ಆ ಅತಿಥಿಯ ಪಾಠವನ್ನು ಹುಡುಗರು ಮೆಚ್ಚಿದರು, ಫಲಿತಾಂಶವೂ ಚೆನ್ನಾಗಿ ಬಂತು. ಅದು ಎರಡನೆಯ ಮಾನದಂಡದ ಕಡತದಲ್ಲಿ ಭದ್ರವಾಗಿದೆ. ಅತಿಥಿ ಮಾತ್ರ ಇಲ್ಲ. ಮಂಜೂರಾದ ಹುದ್ದೆಗಳಿಗೆ ಪೂರ್ಣಾವಧಿ ಅಧ್ಯಾಪಕರ ಪ್ರಮಾಣ ಎಷ್ಟು ಎಂದು ಕೇಳುವ ಕೋಷ್ಟಕದಲ್ಲಿ ಅವರಿಗೆ ಜಾಗವಿಲ್ಲ.

ಇನ್ನು ಕಲಿಕೆಯ ಫಲಗಳು. ಪ್ರತಿಯೊಂದು ಪತ್ರಿಕೆಗೂ ‘ಸಿಒ’ (ಕೋರ್ಸ್ ಔಟ್‌ಕಮ್, ಆ ಪತ್ರಿಕೆಯ ಫಲ) ಬರೆಯಬೇಕು, ಪ್ರತಿಯೊಂದು ಪದವಿಗೂ ‘ಪಿಒ’ (ಪ್ರೋಗ್ರಾಮ್ ಔಟ್‌ಕಮ್, ಇಡೀ ಪದವಿಯ ಫಲ) ಬರೆಯಬೇಕು, ಆಮೇಲೆ ನಂಟು ಎಷ್ಟೆಂದು ಮೂರಕ್ಕೆ ಅಂಕ ಕೊಟ್ಟು ಎರಡಕ್ಕೂ ಗಂಟು ಹಾಕಬೇಕು. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1956ರಲ್ಲಿ ಕಲಿಕೆಯ ಗುರಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ. ಅಧ್ಯಾಪಕರು ಪ್ರಶ್ನೆಗಳನ್ನು ಯೋಚಿಸಿ ಕೇಳಲಿ ಎಂಬುದು ಅವನ ಆಸೆ. ನಮ್ಮಲ್ಲಿ ಅದು ಕ್ರಿಯಾಪದಗಳ ಪಟ್ಟಿಯಾಗಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ‘ವಿದ್ಯಾರ್ಥಿ ಅರಿಯುತ್ತಾನೆ’ ಎಂದು ಬರೆಯುವಂತಿಲ್ಲ, ಅರಿವನ್ನು ಅಳೆಯಲಾಗದು. ‘ವಿಶ್ಲೇಷಿಸುತ್ತಾನೆ’, ‘ಮೌಲ್ಯೀಕರಿಸುತ್ತಾನೆ’ ಎಂದು ಬರೆಯಬೇಕು. ಅರಿವನ್ನೇ ಗುರುವೆಂದ ಶರಣರ ನಾಡಿನಲ್ಲಿ ವಚನ ಸಾಹಿತ್ಯ ಕಲಿಸುವ ಮೇಷ್ಟ್ರು ಈ ಸೂಚನೆ ಓದಿ ಒಂದು ಗಳಿಗೆ ಸುಮ್ಮನಿದ್ದರು. ನಂತರ ಕೋಷ್ಟಕ ತುಂಬಲು ಕುಳಿತರು. ವಚನಕ್ಕೂ ಸಂವಹನ ಕೌಶಲಕ್ಕೂ ಇರುವ ನಂಟು: 3. ವಚನಕ್ಕೂ ಪರಿಸರ ಸುಸ್ಥಿರತೆಗೂ: 2. ವಚನಕ್ಕೂ ಆಧುನಿಕ ಉಪಕರಣಗಳ ಬಳಕೆಗೂ: 1. ಸೊನ್ನೆ ಹಾಕಲು ಕೈ ಹೋಗಿತ್ತು, ಕಾಯಕವೂ ಒಂದು ಉಪಕರಣವೇ ಎಂದು ಸಂಚಾಲಕರು ಸಮಾಧಾನ ಹೇಳಿದರು. ಪರೀಕ್ಷೆಯ ಅಂಕಗಳನ್ನು ಈ ಕೋಷ್ಟಕಕ್ಕೆ ಸುರಿದರೆ ಎಕ್ಸೆಲ್ ತಾನಾಗಿಯೇ ‘ಸಾಧನೆ 2.14, ಗುರಿ 2.10’ ಎನ್ನುತ್ತದೆ. ಗುರಿ ಮುಟ್ಟದಿದ್ದರೆ? ಗುರಿಯೂ ಎಕ್ಸೆಲ್‌ನಲ್ಲೇ ಇದೆಯಲ್ಲ, ತಿದ್ದಬಹುದು. ಕಣದಲ್ಲಿ ತೊಗರಿಯನ್ನು ಬಿಟ್ಟು ಚೀಲದ ಮೇಲಿನ ಮೊಹರನ್ನು ತೂಗುವ ವ್ಯಾಪಾರಿಯನ್ನು ನಮ್ಮ ಅಡತಿಯವರು ಅಂಗಡಿಯಿಂದ ಆಚೆ ದಬ್ಬುತ್ತಾರೆ. ವಿದ್ಯೆಯ ಪೇಟೆಯಲ್ಲಿ ಅವನಿಗೆ ಸಂಚಾಲಕ ಪದವಿ.

ವಿದ್ಯಾರ್ಥಿಕೇಂದ್ರಿತ ಬೋಧನೆಗೂ ಪುರಾವೆ ಬೇಕು. ಪುರಾವೆ ಎಂದರೆ ಜಿಯೋಟ್ಯಾಗ್, ಅಂದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶದ ಗುರುತು, ಇರುವ ಫೋಟೊ. ಒಂದು ಬೆಳಿಗ್ಗೆ ಇತಿಹಾಸದ ಪಾಠ ನಡೆಯುತ್ತಿದ್ದಾಗ ನಾಲ್ಕು ಮಂದಿ ಒಳಗೆ ಬಂದು, “ಸರ್, ಸ್ವಲ್ಪ ನಿಲ್ಲಿಸಿ, ಗುಂಪು ಚರ್ಚೆ ಇದೆ” ಎಂದರು. ಬೆಂಚುಗಳು ಗೋಡೆಗೆ ಸರಿದವು. ಹುಡುಗ ಹುಡುಗಿಯರು ಶಹಾಬಾದ್ ಕಲ್ಲಿನ ನೆಲದ ಮೇಲೆ ವೃತ್ತಾಕಾರವಾಗಿ ಕುಳಿತರು. “ಮಾತಾಡಿ, ಮಾತಾಡುವ ಹಾಗೆ ಕಾಣಬೇಕು” ಎಂದು ಅಪ್ಪಣೆಯಾಯಿತು. ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ ಯಾವುದೆಂದು ಒಬ್ಬ ಕೇಳಿದ. ದಂಡ ಎಷ್ಟೆಂದು ಇನ್ನೊಬ್ಬಳು ಕೇಳಿದಳು. ಚರ್ಚೆ ನಿಜಕ್ಕೂ ಕಾವೇರುವ ಹೊತ್ತಿಗೆ ಫೋಟೊ ಮುಗಿದಿತ್ತು. 17.3 ಡಿಗ್ರಿ ಉತ್ತರ ಅಕ್ಷಾಂಶ, 76.8 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅವರು ವೃತ್ತಾಕಾರವಾಗಿ ಕುಳಿತಿದ್ದರು ಎಂಬುದಕ್ಕೆ ಉಪಗ್ರಹಗಳೇ ಸಾಕ್ಷಿ. ನಿಂತ ಪಾಠ ಎಲ್ಲಿಗೆ ನಿಂತಿತ್ತೆಂದು ಹೇಳಲು ಯಾವ ಉಪಗ್ರಹವೂ ಇಲ್ಲ.

ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವುದಿಲ್ಲ ಎಂದು ಯಾರೂ ದೂರುವಂತಿಲ್ಲ. ನ್ಯಾಕ್‌ನ ತೃಪ್ತಿ ಸಮೀಕ್ಷೆಯಲ್ಲಿ 21 ಪ್ರಶ್ನೆಗಳಿವೆ. ಮೊದಲನೆಯದೇ ಪಠ್ಯದ ಎಷ್ಟು ಭಾಗ ತರಗತಿಯಲ್ಲಿ ಮುಗಿಯಿತು ಎಂಬುದು. ಶೇ 85 ಅಥವಾ ಅದಕ್ಕಿಂತ ಹೆಚ್ಚು ಎಂದರೆ ಪೂರ್ಣಾಂಕ. ಕೇಳಬೇಕಾದ ಪ್ರಶ್ನೆಯೇ, ನನ್ನ ತಕರಾರಿಲ್ಲ. ಆದರೆ ಸಮೀಕ್ಷೆಯ ಹಿಂದಿನ ದಿನ ಕಾಲೇಜಿನಲ್ಲಿ ‘ಮಾರ್ಗದರ್ಶನ ಕಾರ್ಯಕ್ರಮ’ ನಡೆಯುತ್ತದೆ. ‘ಯಾವುದಕ್ಕೂ ಮೊದಲನೆಯ ಆಯ್ಕೆಯೇ ಸರಿ’ ಎಂಬುದು ಮಾರ್ಗದರ್ಶನದ ಸಾರ. ಮೂರು ವರ್ಷಗಳಲ್ಲಿ ಅಷ್ಟು ಸ್ಪಷ್ಟವಾಗಿ, ಅಷ್ಟು ಕಾಳಜಿಯಿಂದ ಇನ್ನೊಂದು ಪಾಠ ನಡೆದಿರಲಿಲ್ಲ ಎಂದು ಅಂತಿಮ ವರ್ಷದ ಹುಡುಗಿಯೊಬ್ಬಳು ಹೇಳಿದಳಂತೆ. ಕಾಲೇಜಿನದೇ ಆದ ಅಭಿಪ್ರಾಯ ಪತ್ರ ಬೇರೆ ಇದೆ. ಅದರಲ್ಲಿ ಯಾರೋ ‘ಗ್ರಂಥಾಲಯದಲ್ಲಿ ಫ್ಯಾನ್ ತಿರುಗುವುದಿಲ್ಲ’ ಎಂದು ಬರೆದಿದ್ದರು. ಮೇ ತಿಂಗಳ ಕಲಬುರಗಿಯಲ್ಲಿ ಇದು ಸಣ್ಣ ದೂರಲ್ಲ. ಕೈಗೊಂಡ ಕ್ರಮದ ವರದಿಯಲ್ಲಿ ಹೀಗಿದೆ: ‘ವಿಷಯವನ್ನು ಆಂತರಿಕ ಗುಣಮಟ್ಟ ಭರವಸಾ ಕೋಶದ ಸಭೆಯ ಗಮನಕ್ಕೆ ತರಲಾಯಿತು. ಸಭೆ ಗಮನಿಸಿತು.’

ಗಮನಿಸಿದ ಸಭೆಗೆ ಹಾಜರಾತಿಯೂ ಬೇಕಲ್ಲ. ಅದಕ್ಕಾಗಿ ವರ್ಷಾರಂಭದಲ್ಲೇ ಖಾಲಿ ಹಾಳೆಗಳ ಮೇಲೆ ಸಹಿ ಸಂಗ್ರಹ ನಡೆಯುತ್ತದೆ. ಮೇಲೆ ಕಾರ್ಯಕ್ರಮದ ಹೆಸರನ್ನು ಆಮೇಲೆ ಬರೆಯಬಹುದು: ಯೋಗ ದಿನ, ಜಲ ಸಂರಕ್ಷಣೆ, ಉದ್ಯಮಶೀಲತೆ, ಏನು ಕಡಿಮೆ ಬಿದ್ದಿದೆಯೋ ಅದು. ಈ ವಿದ್ಯೆ ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಬಹಮನಿ ವಜೀರ ಮಹಮೂದ್ ಗವಾನನ ಮೊಹರನ್ನು ಖಾಲಿ ಕಾಗದಕ್ಕೆ ಒತ್ತಿಸಿಕೊಂಡು, ಅದರ ಮೇಲೆ ರಾಜದ್ರೋಹದ ಪತ್ರ ಬರೆದು, 1481ರಲ್ಲಿ ಅವನ ತಲೆ ತೆಗೆಸಿದರು ಎನ್ನುತ್ತದೆ ಚರಿತ್ರೆ.

ಬೀದರ್‌ನಲ್ಲಿ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಅರ್ಧ ಮುರಿದು ನಿಂತಿದೆ. ಅಲ್ಲಿಗೊಂದು ಪರಿಶೀಲನಾ ತಂಡ ಹೋಗಿದ್ದರೆ ಏನಾಗುತ್ತಿತ್ತು? ಊರಿನ ನೆಲದಡಿ ನೀರು ಹರಿಸುವ ಕರೇಜ್ ಸುರಂಗದ ಫೋಟೊ ತೋರಿಸಿದ್ದರೆ ಏಳನೆಯ ಮಾನದಂಡದ ನೀರಿನ ಅಂಕ ಪೂರ್ತಿ ಸಿಗುತ್ತಿತ್ತು. ಪರ್ಷಿಯಾದ ವಿದ್ವಾಂಸರನ್ನು ಬರಮಾಡಿಕೊಳ್ಳಲು ಗವಾನ್ ಪತ್ರ ಬರೆಯುತ್ತಿದ್ದನಲ್ಲ, ಅಲ್ಲೇ ತಕರಾರು: ‘ಪತ್ರ ಮಾತ್ರ ಇದೆ, ಒಡಂಬಡಿಕೆ ಇಲ್ಲ. ಅಂಕ: ಸೊನ್ನೆ.’

ಚಿತ್ತಾಪುರದ ಬಳಿಯ ನಾಗಾವಿಯ ಪಾಡು ಇನ್ನೂ ಕಷ್ಟ. ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರದಲ್ಲಿ, ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದುತ್ತಿದ್ದರು. ಅವರ ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರು. ಅಧ್ಯಾಪಕರ ಜೊತೆಗೆ ಅವರಿಗೂ ಭೂಮಿ ಬಿಟ್ಟುಕೊಟ್ಟದ್ದನ್ನು 1058ರ ಶಾಸನ ಹೇಳುತ್ತದೆ. ನಮ್ಮ ಕಾಲದ ಕಾಲೇಜಿನಲ್ಲಿ ಗ್ರಂಥಪಾಲಕ ಒಬ್ಬ ಸಿಕ್ಕರೆ ಪುಣ್ಯ. ಅವನೂ ನಾಲ್ಕನೆಯ ಮಾನದಂಡದ ಕಡತದೊಳಗೆ ಹೂತುಹೋಗಿರುತ್ತಾನೆ, ಗ್ರಂಥಾಲಯಕ್ಕೆ ಬೀಗ ಬಿದ್ದಿರುತ್ತದೆ. ಆದರೂ ನಾಗಾವಿಗೆ ದಾಖಲೆ ಪರಿಶೀಲಕರಿಂದ ಬರುವ ಮಿಂಚಂಚೆಯನ್ನು ನಾನು ಈಗಲೇ ಓದಿ ಹೇಳಬಲ್ಲೆ: ‘ಆರು ಭಂಡಾರಿಗಳ ನೇಮಕಾತಿ ಆದೇಶ ಲಗತ್ತಿಸಿಲ್ಲ. ಶಾಸನವನ್ನು ಪಿಡಿಎಫ್ ಮಾಡಿ, ಪುಟಪುಟಕ್ಕೂ ಪ್ರಾಚಾರ್ಯರ ಸಹಿ ಮೊಹರಿನೊಂದಿಗೆ ಮತ್ತೆ ಸಲ್ಲಿಸಿ.’

ಪರಿಶೀಲನಾ ತಂಡ ಬಂದ ಎರಡು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮದುವೆ ಮನೆ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬಾಡಿಗೆಯ ಹೂಕುಂಡ, ಬಾಡಿಗೆಯ ಕೂಲರ್, ಖಡಕ್ ರೊಟ್ಟಿ, ಎಣ್ಣೆಗಾಯಿ. ತಂಡಕ್ಕೆ ಶಾಂತಿ ಬೇಕೆಂದು ಎರಡು ದಿನ ತರಗತಿಗಳಿಗೆ ರಜೆ. ಎಲ್ಲ ಕಡೆ ಆತಿಥ್ಯ ರೊಟ್ಟಿಗೇ ನಿಲ್ಲುವುದಿಲ್ಲ ಎನ್ನುವುದೂ ಈಗ ಗುಟ್ಟಲ್ಲ. 2025ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರು ಭಾಗದ ಖಾಸಗಿ ಸಂಸ್ಥೆಯೊಂದರ ಪ್ರಕರಣದಲ್ಲಿ ಸಿಬಿಐ ನ್ಯಾಕ್ ತಂಡದ ಸದಸ್ಯರನ್ನೇ ಬಂಧಿಸಿತು. ಒಳ್ಳೆಯ ಶ್ರೇಣಿಗಾಗಿ ನಗದು, ಚಿನ್ನ, ಮೊಬೈಲ್, ಲ್ಯಾಪ್‌ಟಾಪ್ ಕೈಬದಲಾದವು ಎಂಬುದು ಆರೋಪ.

ಹಾಗೆಂದು ಇದು ನಮ್ಮದೇ ದೇಶದ ಚಾಳಿ ಎಂದು ಕೊರಗಬೇಕಾಗಿಲ್ಲ. ಬ್ರಿಟನ್ನಿನವರು 2017ರಲ್ಲಿ ವಿಶ್ವವಿದ್ಯಾಲಯಗಳ ಬೋಧನೆಗೆ ಚಿನ್ನ, ಬೆಳ್ಳಿ, ಕಂಚು ಎಂದು ಪದಕ ಹಂಚಿದರು. ವಿದ್ಯಾರ್ಥಿ ಸಮೀಕ್ಷೆ, ಓದು ಬಿಟ್ಟವರ ಲೆಕ್ಕ, ಕೆಲಸ ಸಿಕ್ಕವರ ಲೆಕ್ಕ ಎಲ್ಲವನ್ನೂ ನೋಡಿದರು. ಪದಕ ಕೊಡುವ ಮುನ್ನ ಒಂದು ಉಪನ್ಯಾಸವನ್ನೂ ಕೇಳಲಿಲ್ಲ.

ನಮ್ಮ ವ್ಯವಸ್ಥೆಯ ಗಟ್ಟಿತನ ಸಾಬೀತಾದದ್ದು 2023ರ ಕೊನೆಯಲ್ಲಿ. ಸೇವಾ ಭದ್ರತೆ ಕೇಳಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಾಠ ಬಹಿಷ್ಕರಿಸಿ ಧರಣಿ ಕುಳಿತರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಮಿಗಿಲು. ಕಲ್ಯಾಣ ಕರ್ನಾಟಕದ ಎಷ್ಟೋ ಕಾಲೇಜುಗಳಲ್ಲಿ ಗಂಟೆ ಹೊಡೆಯುತ್ತಿತ್ತು, ಒಳಗೆ ಹೋಗುವವರಿರಲಿಲ್ಲ. ವಾರಗಟ್ಟಲೆ ಹೀಗೆಯೇ ನಡೆಯಿತು. ನಮ್ಮ ಕಾಲೇಜಿನ ಆ ವರ್ಷದ ಗುಣಮಟ್ಟ ವರದಿ ಮಾತ್ರ ದಿನ ತಪ್ಪದೆ ಸಲ್ಲಿಕೆಯಾಯಿತು.

ಅಷ್ಟರಲ್ಲಿ ಹೊಸ ಸುದ್ದಿ ಬಂತು. ಶ್ರೇಣಿಗಳನ್ನು ತೆಗೆದು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಉತ್ತರ ಕೊಡುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು. ಇದನ್ನು ಚರ್ಚಿಸಲು ನಮ್ಮ ಪ್ರಾಚಾರ್ಯರು ತುರ್ತು ಸಭೆ ಕರೆದರು. ಎಲ್ಲರಿಗೂ ಮಾನ್ಯತೆ ಸಿಕ್ಕರೆ ಪಕ್ಕದ ಕಾಲೇಜಿಗಿಂತ ನಾವು ಮೇಲೆಂದು ಬ್ಯಾನರ್‌ನಲ್ಲಿ ತೋರಿಸುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಅಕ್ಷರ ದೊಡ್ಡದು ಮಾಡಿಸೋಣ ಎಂದರು ಐದನೆಯ ಕ್ರೈಟೀರಿಯನ್. ನಿಯಾನ್ ದೀಪ ಹಾಕಿಸೋಣ ಎಂದರು ಮೂರನೆಯದು. ಚಹಾ ಬಂತು. ಹಿಂದಿನ ಸಾಲಿನಲ್ಲಿದ್ದ ಅತಿಥಿ ಉಪನ್ಯಾಸಕಿ ಎದ್ದು ನಿಂತು, “ಸರ್, ನನಗೆ ಮೂರನೆಯ ಅವಧಿ ಇದೆ, ಹುಡುಗರು ಕಾಯುತ್ತಿದ್ದಾರೆ, ಹೋಗಿ ಬರಲೆ?” ಎಂದರು.

ಪ್ರಾಚಾರ್ಯರು ಕೈಯಿಂದಲೇ ಕುರ್ಚಿ ತೋರಿಸಿದರು. “ಕುಳಿತುಕೊಳ್ಳಿ ಮೇಡಂ. ಬೋಧನೆಯ ಗುಣಮಟ್ಟದ ಬಗ್ಗೆ ಇಷ್ಟು ಗಂಭೀರವಾದ ಸಭೆ ನಡೆಯುತ್ತಿರುವಾಗ ನಿಮಗೆ ತರಗತಿಯದೇ ಚಿಂತೆಯಲ್ಲ!”