ಮೂವರದೂ ಸರಿ, ಕಾರ್ಡು ಮಾತ್ರ ತಪ್ಪು

ಡಾ. ರಾಜ್‌ಕುಮಾರ್ ಅವರ ಮೊದಲ ಸಿನಿಮಾ ಯಾವುದು?

ಮನೆಮಂದಿಯೆಲ್ಲ ಚಾಪೆ ಹಾಸಿಕೊಂಡು ಸಿನಿಮಾ ಕ್ವಿಜ್ ಆಡಲು ಕೂತಾಗ ಈ ಕಾರ್ಡು ಓದಿದವರು ಆ ರಾತ್ರಿ ಊಟ ತಡವಾದದ್ದಕ್ಕೆ ನೇರ ಹೊಣೆಗಾರರು. ಹೊಸ ಅಳಿಯ ಥಟ್ಟನೆ ‘ಬೇಡರ ಕಣ್ಣಪ್ಪ’ ಅನ್ನುತ್ತಾನೆ, 1954. ಹಾಲಿನ ಮೂಲೆಯಿಂದ ದೊಡ್ಡಪ್ಪ ಕೆಮ್ಮಿ, “ಅಲ್ಲಪ್ಪಾ, ಅದಕ್ಕೂ ಮುಂಚೆ 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿದ್ದರು” ಅನ್ನುತ್ತಾರೆ. ಕ್ವಿಜ್ ಹುಚ್ಚು ಹತ್ತಿಸಿಕೊಂಡ ಪಿಯುಸಿ ಹುಡುಗಿ 1942ರ ‘ಭಕ್ತ ಪ್ರಹ್ಲಾದ’ ತೆಗೆಯುತ್ತಾಳೆ, ಬಾಲನಟನಾಗಿ. ಮೂವರದೂ ಸರಿ. ‘ಬೇಡರ ಕಣ್ಣಪ್ಪ’ ನಾಯಕನಾಗಿ ಮೊದಲನೆಯದು, ಮಿಕ್ಕವು ಬರೀ ಮೊದಲಿನವು. ತಪ್ಪಿದ್ದು ಕಾರ್ಡು ಬರೆದವರದು. ‘ನಾಯಕನಟನಾಗಿ’ ಅನ್ನುವ ಒಂದು ಪದ ಉಳಿಸಿ ಅರ್ಧ ಗಂಟೆ ಕಳೆದರು.

ಪೆಟ್ಟಿಗೆಯಲ್ಲಿ ಬರುವ ಸಿನಿಮಾ ಆಟಗಳು ಇಲ್ಲವೆಂದಲ್ಲ. 1979ರಲ್ಲಿ ಕೆನಡಾದಲ್ಲಿ ಹುಟ್ಟಿದ ಟ್ರಿವಿಯಲ್ ಪರ್ಸ್ಯೂಟ್‌ಗೆ ಸಿನಿಮಾದ್ದೇ ಆವೃತ್ತಿ ಇದೆ. 2002ರಲ್ಲಿ ಬಂದ ಸೀನ್ ಇಟ್ ಜೊತೆಗೆ ಡಿವಿಡಿಯೇ ಇರುತ್ತಿತ್ತು. ಆದರೆ ಅವುಗಳಲ್ಲಿ ನರಸಿಂಹರಾಜು ಇಲ್ಲ, ಈಗ ಮನೆಯಲ್ಲಿ ಡಿವಿಡಿ ಪ್ಲೇಯರೂ ಇಲ್ಲ. ಕನ್ನಡ ಸಿನಿಮಾದ್ದು ಬೇಕೆಂದರೆ ಮನೆಯಲ್ಲೇ ಮಾಡಿಕೊಳ್ಳುವುದು ಸುಲಭ. ಅದಕ್ಕೆ ಹಲಗೆ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ, ಚೌಕಾಬಾರ ಇದೆ.

ಐದಕ್ಕೈದು, ಇಪ್ಪತ್ತೈದು ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಹೊರಸುತ್ತು ಗಡಿಯಾರಕ್ಕೆ ವಿರುದ್ಧ, ಒಳಸುತ್ತು ಗಡಿಯಾರದ ದಿಕ್ಕಿಗೆ. ನಾಲ್ಕು ಕವಡೆ ಹಾಕಿದಾಗ ಎಷ್ಟು ಬಾಯಿ ಮೇಲೆ ಕಾಣುತ್ತದೋ ಅಷ್ಟು ಮನೆ. ನಾಲ್ಕೂ ಬಾಯಿ ಬಿಟ್ಟರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ತಗೊಂಡು ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ಉಜ್ಜಿದರಾಯಿತು. ನುಣುಪು ಟೈಲ್ಸ್ ಮೇಲೆ ಮಾತ್ರ ಆಡಬೇಡಿ. ಕವಡೆ ಜಾರಿ ಸೋಫಾ ಕೆಳಗೆ ಹೋಗುತ್ತದೆ, ಮೊದಲು ಟಾರ್ಚ್ ಹಿಡಿದು ಬಗ್ಗಿದವನು ತನಗೆ ಬೇಕಾದ ಹಾಗೆ ಅದನ್ನು ಮಗುಚಿಡುತ್ತಾನೆ. ಚಾಪೆಯಾಚೆ ಹೋದ ಕವಡೆ ಮತ್ತೆ ಹಾಕತಕ್ಕದ್ದು ಎಂದು ಮೊದಲೇ ಹೇಳಿಬಿಡಿ.

ಕಾಯಿಗೆ ಗುಂಡಿ ಅಥವಾ ಬಳೆಚೂರು ಒಳ್ಳೆಯದು. ಕಡಲೆಬೀಜ, ಗೋಡಂಬಿ ಬೇಡ. ಒಳಸುತ್ತು ಸೇರಿದ ಕಾಯಿಯನ್ನು ಮಾತಿನ ಭರದಲ್ಲಿ ಬಾಯಿಗೆ ಹಾಕಿಕೊಂಡರೆ ಎಲ್ಲಿಂದ ಮತ್ತೆ ಶುರು ಮಾಡಬೇಕು ಅನ್ನುವುದಕ್ಕೆ ಯಾವ ಊರಿನ ನಿಯಮದಲ್ಲೂ ಉತ್ತರವಿಲ್ಲ.

ಇನ್ನು ಲೆಕ್ಕ. ಕವಡೆ ಸರಿಯಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಮನೆ. ಸ್ವಂತ ಮನೆಯಿಂದ ಹೊರಟು ನಡುಮನೆಯಲ್ಲಿ ಹಣ್ಣಾಗಲು 24 ಹೆಜ್ಜೆ, ಹೆಚ್ಚುಕಮ್ಮಿ ಹತ್ತು ಎಸೆತ. ಸರಿಯುತ್ತರ ಕೊಟ್ಟವರಿಗಷ್ಟೇ ಕವಡೆ, ಅರ್ಧದಷ್ಟು ಉತ್ತರ ಸರಿಯಾಗುತ್ತದೆ ಎಂದರೆ ಒಂದು ತಂಡಕ್ಕೆ 20 ಪ್ರಶ್ನೆ, ನಾಲ್ಕು ತಂಡಕ್ಕೆ 80. ಓದಲು, ಯೋಚಿಸಲು, ಜಗಳಕ್ಕೆ ಸೇರಿ ಪ್ರಶ್ನೆಗೆ ಒಂದೂವರೆ ನಿಮಿಷ ಹಿಡಿಯಿರಿ, ಎರಡು ಗಂಟೆ ಆಯಿತು. ಇದು ತಂಡಕ್ಕೆ ಒಂದೇ ಕಾಯಿ ಇದ್ದರೆ. “ಸಂಪ್ರದಾಯದ ಪ್ರಕಾರ ನಾಲ್ಕು ಕಾಯಿ ಇರಬೇಕು” ಎಂದು ಯಾರೋ ಒಬ್ಬರು ಹಟ ಹಿಡಿದೇ ಹಿಡಿಯುತ್ತಾರೆ. ಅವರ ಮಾತು ಕೇಳಿದರೆ 320 ಪ್ರಶ್ನೆ, ಎಂಟು ಗಂಟೆ, ಬೆಳಗಿನ ಹಾಲಿನವನು ಬಂದಾಗಲೂ ಒಂದು ಕಾಯಿ ಹಣ್ಣಾಗಿರುವುದಿಲ್ಲ.

ಪ್ರಶ್ನೆ ಮೊದಲೋ ಕವಡೆ ಮೊದಲೋ? ಪ್ರಶ್ನೆಯೇ ಮೊದಲು. ಕವಡೆ ಮೊದಲು ಹಾಕಿಸಿ, ಅತ್ತೆಯವರಿಗೆ ಬಾರ ಬಿದ್ದು, ಆಮೇಲೆ ಉತ್ತರ ತಪ್ಪಿ, ಆ ಎಂಟು ಮನೆ ಕೈಬಿಟ್ಟರೆ ಅದನ್ನು ಮುಂದಿನ ಹಬ್ಬದವರೆಗೂ ಕೇಳಬೇಕಾಗುತ್ತದೆ.

ಕಾರ್ಡು ಒಟ್ಟು 120 ಬೇಕು, 80 ಆಟಕ್ಕೆ, ಉಳಿದ 40 ರದ್ದಾಗುವ ಪ್ರಶ್ನೆಗಳ ಬದಲಿಗೆ. ವಿಸಿಟಿಂಗ್ ಕಾರ್ಡಿನ ಅಳತೆಗೆ ಕತ್ತರಿಸಿದರೆ ಎ4 ಹಾಳೆಗೆ ಹತ್ತು ಬರುತ್ತದೆ, ಹನ್ನೆರಡು ಹಾಳೆ ಸಾಕು. ಜೆರಾಕ್ಸ್‌ನ 80 ಜಿಎಸ್ಎಂ ಹಾಳೆ ಮಾತ್ರ ಬೇಡವೇ ಬೇಡ. ಹಿಂದೆ ಉತ್ತರ ಬರೆದಿದ್ದರೆ ಟ್ಯೂಬ್‌ಲೈಟಿಗೆ ಎದುರಾಗಿ ಕೂತವರಿಗೆ ಎರಡೂ ಕಾಣುತ್ತದೆ, ಅವರು ಆ ಜಾಗ ಬಿಟ್ಟು ನೀರು ಕುಡಿಯಲೂ ಏಳುವುದಿಲ್ಲ. 250 ಜಿಎಸ್ಎಂ ದಪ್ಪದ್ದು ತಗೊಳ್ಳಿ. ಇಲ್ಲವಾದರೆ ಮನೆಯ ಅಟ್ಟದಲ್ಲಿರುವ ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನು ಬಳಸಿ, ಪುಕ್ಕಟೆ. ಅದರಲ್ಲೊಂದು ಅಪಾಯ ಇದೆ. ಪ್ರಶ್ನೆ ಓದಬೇಕಾದ ಅತ್ತಿಗೆ ಕಾರ್ಡು ತಿರುಗಿಸಿ, “ಅಯ್ಯೋ, ಇದು ಅವರ ಮಗಳ ಮದುವೇದಲ್ವಾ, ಈಗೆಲ್ಲಿದ್ದಾಳೆ ಅವಳು?” ಎಂದು ಶುರು ಮಾಡಿದರೆ ಉತ್ತರಕ್ಕೆ ಇಟ್ಟ ಮೂವತ್ತು ಸೆಕೆಂಡಿನ ಗಡುವು ಯಾರ ನೆನಪಿನಲ್ಲೂ ಇರುವುದಿಲ್ಲ.

ಉತ್ತರಗಳನ್ನು ಕಾರ್ಡಿನ ಮೇಲೆ ಬರೆಯಲೇಬೇಡಿ. ಕಾರ್ಡಿಗೆ ನಂಬರು, ಉತ್ತರ ಬೇರೆ ನೋಟ್‌ಬುಕ್ಕಿನಲ್ಲಿ, ನೋಟ್‌ಬುಕ್ಕು ಆಡದವರ ಕೈಯಲ್ಲಿ. ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಿಗೊಂದು ಕಿವಿಮಾತು. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್ ಒಯ್ದರೆ, ಆ ಫಾಂಟು ಇಲ್ಲದ ಜೆರಾಕ್ಸ್ ಅಂಗಡಿಯಲ್ಲಿ ನಿಮ್ಮ 120 ಪ್ರಶ್ನೆಗಳೂ ತಲೆ ಮೇಲೆ ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳ ಮೆರವಣಿಗೆಯಾಗಿ ಹೊರಬರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡು ಹೋಗಿ. ಅರ್ಕಾವತ್ತೂ ನಿಂತಲ್ಲೇ ನಿಂತಿರುತ್ತದೆ.

ಇಷ್ಟು ಕೈಕೆಲಸ. ಕಷ್ಟದ್ದು ಪ್ರಶ್ನೆಯ ಒಕ್ಕಣೆ. ‘ಮೊದಲ’ ಎಂಬ ಪದ ಕಂಡಲ್ಲೆಲ್ಲ ಪೆನ್ನು ನಿಲ್ಲಿಸಿ ಯೋಚಿಸಬೇಕು. ಕನ್ನಡದ ಮೊದಲ ವಾಕ್ಚಿತ್ರ? ತೆರೆಕಂಡದ್ದು 1934ರ ‘ಸತಿ ಸುಲೋಚನ’. ಚಿತ್ರೀಕರಣ ಮೊದಲಾದದ್ದು ‘ಭಕ್ತ ಧ್ರುವ’ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅವರನ್ನು ಬಾಯಿ ಮುಚ್ಚಿಸಲು ‘ಬಿಡುಗಡೆಯಾದ’ ಎಂದು ಸೇರಿಸಬೇಕು. ವಿಷ್ಣುವರ್ಧನ್ ಮೊದಲ ಸಿನಿಮಾ ‘ನಾಗರಹಾವು’ ಅಂದರೆ ‘ವಂಶವೃಕ್ಷ’ದ ಸಣ್ಣ ಪಾತ್ರ ಎದ್ದು ಕೂರುತ್ತದೆ. ರಾಜ್ ಮೊದಲು ಹಾಡಿದ್ದು ಯಾವ ಸಿನಿಮಾದಲ್ಲಿ ಎಂದರೆ ಇಡೀ ಹಾಲು ‘ಯಾರೇ ಕೂಗಾಡಲಿ’ ಎಂದು ಕೂಗಾಡುತ್ತದೆ. ಅದು 1974ರ ‘ಸಂಪತ್ತಿಗೆ ಸವಾಲ್’. ಅದಕ್ಕೂ 18 ವರ್ಷ ಮುಂಚೆ, 1956ರ ‘ಓಹಿಲೇಶ್ವರ’ದಲ್ಲೇ ಅವರು ಹಾಡಿದ್ದರು.

ಹೆಸರಿನ ಕಾಟ ಬೇರೆ. “ನಾಗರಹಾವು ಚಿತ್ರದ ನಾಯಕ ಯಾರು?” ಎಂದು ಮುಗ್ಧವಾಗಿ ಕೇಳಿದರೆ 1972ರ ಪುಟ್ಟಣ್ಣನವರ ಸಿನಿಮಾ ನೋಡಿದವರು ಒಂದು ಹೇಳುತ್ತಾರೆ, 2002ರ ಉಪೇಂದ್ರ ಅಭಿಮಾನಿ ಇನ್ನೊಂದು ಹೇಳುತ್ತಾನೆ. 2016ರಲ್ಲಿ ಮತ್ತೊಂದು ‘ನಾಗರಹಾವು’ ಬಂತು, ಅದರಲ್ಲಿ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ಮರಳಿ ತಂದಿದ್ದರು. ಹೆಸರಿನ ಪಕ್ಕ ವರ್ಷ ಹಾಕದಿದ್ದರೆ ಹಾವು ಬುಟ್ಟಿಯಲ್ಲಿ ನಿಲ್ಲುವುದಿಲ್ಲ. ಕಪ್ಪುಬಿಳುಪೋ ಕಲರ್ರೋ ಎಂಬ ಪ್ರಶ್ನೆಯೂ ಹೀಗೇ. ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪುಬಿಳುಪು, 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಥಿಯೇಟರಿಗೆ ಬಂತು. ಅಜ್ಜಿ ಮೊದಲಿನದು ನೋಡಿದವರು, ಮೊಮ್ಮಗ ಎರಡನೆಯದು, ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ವರ್ಷ ಕೇಳುವ ಪ್ರಶ್ನೆಗೆ ಒಂದು ವರ್ಷ ಆಚೀಚೆ ಒಪ್ಪಿಕೊಳ್ಳುವುದು ಕ್ಷೇಮ. ‘ಮುಂಗಾರು ಮಳೆ’ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಜನ ಮುಗಿಬಿದ್ದು ನೋಡಿದ್ದೆಲ್ಲ 2007ರಲ್ಲಿ, ನೆನಪಿನಲ್ಲಿ ಉಳಿಯುವುದೂ ಅದೇ. ಮೂರು ದಿನದ ಅಂತರಕ್ಕೆ ಒಬ್ಬ ಭಾವನ ಮುಖ ಸಿಂಡರಿಸುವಂತೆ ಮಾಡುವುದು ತರವಲ್ಲ. ರೀಮೇಕ್ ಪ್ರಶ್ನೆಯಲ್ಲಿ ಮಾತ್ರ ರಿಯಾಯಿತಿ ಕೂಡದು. ‘ಆಪ್ತಮಿತ್ರ’ ತಮಿಳಿನ ‘ಚಂದ್ರಮುಖಿ’ ನೋಡಿ ಮಾಡಿದ್ದು ಎನ್ನುವವರಿಗೆ ಕವಡೆ ಕೊಡಬೇಡಿ. ‘ಆಪ್ತಮಿತ್ರ’ 2004, ‘ಚಂದ್ರಮುಖಿ’ 2005, ಎರಡಕ್ಕೂ ಮೂಲ 1993ರ ಮಲಯಾಳಂ ‘ಮಣಿಚಿತ್ರತಾಳ್’.

ಒಂದಿಷ್ಟು ಕೀಟಲೆ ಕಾರ್ಡು ಇರಲಿ. “1987ರ ಪುಷ್ಪಕ ವಿಮಾನದಲ್ಲಿ ಕಮಲ್ ಹಾಸನ್ ಅವರ ಕನ್ನಡ ಸಂಭಾಷಣೆಗೆ ದನಿ ಕೊಟ್ಟವರು ಯಾರು?” ಬುದ್ಧಿವಂತರೇ ಇದಕ್ಕೆ ಬೀಳುವುದು. ಹೆಸರಿನ ಮೇಲೆ ಹೆಸರು ಬರುತ್ತದೆ, ಆ ಸಿನಿಮಾದಲ್ಲಿ ಮಾತೇ ಇಲ್ಲವೆಂಬುದು ಇಪ್ಪತ್ತೊಂಬತ್ತನೇ ಸೆಕೆಂಡಿಗೆ ಹೊಳೆಯುತ್ತದೆ. ಇಂಥವು 120ರಲ್ಲಿ ಐದು ಸಾಕು. ಹೆಚ್ಚಾದರೆ ಸಾದಾ ಪ್ರಶ್ನೆಗೂ “ಇದರಲ್ಲೇನೋ ಇದೆ” ಎಂದು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ.

ಕಾಲದ ಹಂಚಿಕೆ ನೋಡಿಕೊಳ್ಳಬೇಕು. 1970ರವರೆಗಿನದು 30, ಅಲ್ಲಿಂದ 1990ರವರೆಗೆ 30, 2005ರವರೆಗೆ 30, ಆಮೇಲಿನದು 30. ತಂಡಕ್ಕೊಬ್ಬ ಹಿರಿಯರು, ಒಬ್ಬ ಹದಿಹರೆಯದವರು ಕಡ್ಡಾಯ. ಗಂಡಸರ ತಂಡ, ಹೆಂಗಸರ ತಂಡ ಎಂದು ಮಾಡಿದಿರೋ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಒಂದು ತಂಡ ಪೂರ್ತಿ ಎದ್ದು ಹೋಗುತ್ತದೆ.

ಉತ್ತರ ಗೊತ್ತಿದ್ದೂ ಹೆಸರು ಬಾರದವರದು ದೊಡ್ಡ ಪಂಗಡ. “ಅವನೇ ಕಣೋ, ಆ ಇನ್ನೊಂದು ಪಿಕ್ಚರ್‌ನಲ್ಲಿ ಇನ್ಸ್‌ಪೆಕ್ಟರ್ ಆಗಿದ್ನಲ್ಲ, ಅದರಲ್ಲಿ ಅವಳ ಅಣ್ಣ, ನಿಮ್ಮ ಚಿಕ್ಕಪ್ಪನ ಥರಾನೇ ಮೂಗು!” ಮೂಗಿನಿಂದ ಕಲಾವಿದರನ್ನು ಗುರುತಿಸಿದರೂ ಕವಡೆ ಸಿಗುವುದಿಲ್ಲ, ಹೆಸರು ಬಾಯಲ್ಲಿ ಬರಬೇಕು. ಅಜ್ಜಿಯಂದಿರಿಗೆ ಸಿನಿಮಾ ಹೆಸರಿಗಿಂತ ನೋಡಿದ ಟೆಂಟು, ಆವತ್ತು ಉಟ್ಟಿದ್ದ ಸೀರೆ, ಜೊತೆಗೆ ಬಂದಿದ್ದವರು ಪಕ್ಕಾ ನೆನಪಿರುತ್ತದೆ. ಅವರಿಗೆ 30ರ ಬದಲು 45 ಸೆಕೆಂಡು ಕೊಡಿ, ಸೀರೆಯಿಂದ ಹೊರಟು ಹೇಗೋ ನಾಯಕಿಯ ತನಕ ಬರುತ್ತಾರೆ.

ಫೋನುಗಳನ್ನು ಆಟಕ್ಕೆ ಮುಂಚೆಯೇ ಒಂದು ಡಬರಿಗೆ ಹಾಕಿಸಿ ಮುಚ್ಚಳ ಮುಚ್ಚಿ. ಗಡುವಿಗೆಂದು ಒಂದು ಫೋನು ಹೊರಗಿಟ್ಟರೂ ಗೂಗಲ್ ಒಳಗೆ ಬಂದ ಹಾಗೇ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಸಾಕು. ಅರ್ಧ ಆಟದಲ್ಲಿ ಬಾತ್‌ರೂಮಿಗೆ ಹೋಗಿ ಬಂದವರು ಏಕಾಏಕಿ 1975ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣ ಕಮಲ ‘ಚೋಮನ ದುಡಿ’ಗೆ ಎಂದು ನಿರ್ದೇಶಕರ ಹೆಸರು ಸಮೇತ ಹೇಳಿದರೆ, ಡಬರಿಯೊಳಗಿನ ಫೋನು ಎಣಿಸಿ.

ಹಾಡಿನ ಪ್ರಶ್ನೆ ಬಂದರೆ ಪಲ್ಲವಿಯ ಒಂದು ಸಾಲಿಗೆ ತಡೆಯಬೇಕು. ಚರಣಕ್ಕೆ ಹೋಗಲು ಬಿಟ್ಟರೆ ನಾದಿನಿ ಎರಡನೇ ದನಿ ಸೇರಿಸುತ್ತಾಳೆ, ದೊಡ್ಡಪ್ಪ ಡಬರಿಯ ಮುಚ್ಚಳ ಬಡಿಯುತ್ತಾರೆ, ಹತ್ತು ನಿಮಿಷದಲ್ಲಿ ಅದು ಅಂತ್ಯಾಕ್ಷರಿಯಾಗಿ ಚೌಕಾಬಾರದ ಮೇಲೆ ಯಾರೋ ಕಾಫಿ ಲೋಟ ಇಟ್ಟಿರುತ್ತಾರೆ.

ಅಡ್ಡಗೆರೆ ಹಾಕಿದ ಮನೆಗೆ ಬಂದವರಿಗೆ ಮೂಕಾಭಿನಯದ ಕಾರ್ಡು ಇಟ್ಟರೆ ರುಚಿ ಹೆಚ್ಚು. ಇಲ್ಲಿ ನ್ಯಾಯ ಅಷ್ಟಕ್ಕಷ್ಟೇ. ಒಬ್ಬನಿಗೆ ಉಪೇಂದ್ರರ 2010ರ ‘ಸೂಪರ್’ ಸಿಗುತ್ತದೆ, ಅದರ ಶೀರ್ಷಿಕೆಯೇ ಕೈಸನ್ನೆ. ಬೆರಳು ಎತ್ತಿ ತೋರಿಸಿದರೆ ಮುಗಿಯಿತು. ಪಕ್ಕದವಳಿಗೆ 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಶಾಲೆಯನ್ನು ಹೇಗೋ ಮಾಡಿ ತೋರಿಸಬಹುದು, ರೈ ಅವರನ್ನು ಹೇಗೆ ತೋರಿಸುವುದು? ಆರು ಪದಕ್ಕಿಂತ ಉದ್ದದ ಹೆಸರಿಗೆ ಒಂದು ನಿಮಿಷ ಹೆಚ್ಚು ಕೊಡಿ, ಮುಖ್ಯ ಎರಡು ಪದ ಬಂದರೆ ಒಪ್ಪಿಕೊಳ್ಳಿ.

ಕಡೆಯ ತೊಡಕು ಸಿನಿಮಾದ್ದಲ್ಲ, ಮರ್ಯಾದೆಯದು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊಸ ಅಳಿಯ ಮಾವನ ಕಾಯಿ ಕಡಿಯಲಾರ. “ಪರವಾಗಿಲ್ಲ, ಮುಂದಿನ ಸಲ” ಎಂದು ಹೊರಸುತ್ತಿನಲ್ಲೇ ಮೂರು ಪ್ರದಕ್ಷಿಣೆ ಹಾಕುತ್ತಾನೆ, ಎಲ್ಲ ಪ್ರಶ್ನೆಗೂ ಸರಿಯುತ್ತರ ಕೊಡುತ್ತಾ. ಒಂಬತ್ತು ವರ್ಷದ ಹುಡುಗನಿಗೆ ಆ ಸಂಕೋಚವಿಲ್ಲ. ತಾತನ ಕಾಯಿಯನ್ನು ನಡುಮನೆಯ ಬಾಗಿಲಲ್ಲೇ ಕಡಿದು ಕುಣಿಯುತ್ತಾನೆ. ಆಟ ಬೇಗ ಮುಗಿಯಬೇಕಿದ್ದರೆ ಕಡಿಯುವ ನಿಯಮ ಕೈಬಿಡಿ, ಇಲ್ಲವೇ ತಂಡಕ್ಕೊಂದು ಮಗು ಹಂಚಿ.

ಎತ್ತಿಡುವಾಗ ಕಾರ್ಡಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಒಂದು ಬೇಸಿಗೆಗೆ ಕರಗಿ ಮೇಲಿನ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಮಿಠಾಯಿ ಡಬ್ಬಿ ಒಳ್ಳೆಯದು. ಕೋಡುಬಳೆ ತಟ್ಟೆ ಮಾತ್ರ ಚಾಪೆಯಿಂದ ಒಂದು ಮಾರು ದೂರ ಇರಲಿ. ಎಣ್ಣೆಗೈ ತಾಗಿದ ಕಾರ್ಡನ್ನು ಹುಡುಗರು ಬೆನ್ನು ನೋಡಿಯೇ ಗುರುತು ಹಿಡಿಯುತ್ತಾರೆ. ಮುಂದಿನ ಯುಗಾದಿಗೆ ಪ್ರಶ್ನೆ ಓದುವ ಮೊದಲೇ “ಮೂಲೇಲಿ ಎಣ್ಣೆ ಇರೋದು ‘ಸಂಸ್ಕಾರ’, ಅರಿಶಿನ ಆಗಿರೋದು ‘ದ್ವೀಪ’, ಅತ್ತೆ ಕಾಫಿ ಚೆಲ್ಲಿದ್ದು ‘ತಬರನ ಕಥೆ’” ಎಂದು ಸಾಲಾಗಿ ಒಪ್ಪಿಸಿ, ಕವಡೆಗೆ ಕೈ ಚಾಚುತ್ತಾರೆ.